ಡ್ರಮ್ಮಿನಿಂದ ಬಾರ್ಬೆಕ್ಯೂ ಸ್ಮೋಕರ್: ವೆಲ್ಡಿಂಗ್ ಅಷ್ಟಾಗಿ ಬಾರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ 200 ಲೀಟರಿನ ಕಬ್ಬಿಣದ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಇದ್ದಿಲು, ಮೇಲೆ ಜಾಲರಿ ಇಟ್ಟು ಮಾಡುವ ಸ್ಮೋಕರಿಗೆ ಸಂಬಂಧಿಸಿದವು. ಅಮೆರಿಕದ ಹವ್ಯಾಸಿಗಳು ಇದನ್ನು ‘ಅಗ್ಲಿ ಡ್ರಮ್ ಸ್ಮೋಕರ್’ ಎನ್ನುತ್ತಾರೆ. ನೋಡಲು ಅಂದವಿಲ್ಲದಿದ್ದರೂ ಕೆಲಸದಲ್ಲಿ ಇದು ದುಬಾರಿ ಸ್ಮೋಕರುಗಳಿಗೆ ಸುಲಭವಾಗಿ ಸೋಲುವುದಿಲ್ಲ.

ಗ್ರಿಲ್ಲಿಗೂ ಸ್ಮೋಕರಿಗೂ ಏನು ವ್ಯತ್ಯಾಸ?

ಗ್ರಿಲ್ಲಿನಲ್ಲಿ ಮಾಂಸವು ಕೆಂಡದ ನೇರ ಝಳಕ್ಕೆ ಕೆಲವೇ ನಿಮಿಷಗಳಲ್ಲಿ ಬೇಯುತ್ತದೆ. ಸ್ಮೋಕರಿನಲ್ಲಿ ಕೆಂಡ ದೂರದಲ್ಲಿರುತ್ತದೆ, ಮುಚ್ಚಳ ಹಾಕಿರುತ್ತದೆ, ಒಳಗಿನ ಗಾಳಿ 110ರಿಂದ 135 ಡಿಗ್ರಿ ಸೆಲ್ಸಿಯಸ್ ಒಳಗೆ ಗಂಟೆಗಟ್ಟಲೆ ಒಂದೇ ಹದದಲ್ಲಿ ನಿಲ್ಲುತ್ತದೆ. ಈ ನಿಧಾನದಿಂದಲೇ ಗಟ್ಟಿ ಮಾಂಸದ ಎಳೆಗಳ ನಡುವಿನ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನು ಕರಗಿ ಮೆತ್ತನೆಯ ಜೆಲಾಟಿನ್ ಆಗುತ್ತದೆ ಮತ್ತು ಮಾಂಸ ಬೆರಳಿಗೆ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಕೊಡಗಿನಲ್ಲಿ ಒಲೆಯ ಮೇಲೆ ಕಟ್ಟಿ ಒಣಗಿಸುವ ಹಂದಿಮಾಂಸ, ಮಲೆನಾಡಿನಲ್ಲಿ ಹೊಗೆಯಲ್ಲಿ ಒಣಗಿಸುವ ಉಪ್ಪಾಗೆ ಸಿಪ್ಪೆ ಇವೂ ಹೊಗೆಯ ಕೆಲಸವೇ. ಆದರೆ ಅಲ್ಲಿಯ ಉದ್ದೇಶ ನೀರಿನಂಶ ತೆಗೆದು ಕೆಡದಂತೆ ಇಡುವುದು. ಬೇಯಿಸಿ ಆ ದಿನವೇ ಬಡಿಸುವ ಈ ಅಡುಗೆಯ ದಾರಿ ಬೇರೆ.

ನನಗೆ ವೆಲ್ಡಿಂಗ್ ಸರಿಯಾಗಿ ಬರುವುದಿಲ್ಲ. ಆದರೂ ಇದನ್ನು ಮಾಡಬಹುದೇ?

ಮಾಡಬಹುದು. ಏಕೆಂದರೆ ಡ್ರಮ್ ಸ್ಮೋಕರು ಮೂಲತಃ ಗಾಳಿಯನ್ನು ಹಿಡಿತದಲ್ಲಿಡುವ ಸಾಧನ, ಮತ್ತು ಗಾಳಿ ಸೋರದ ಸಿಲಿಂಡರನ್ನು ಕಾರ್ಖಾನೆಯವರು ಆಗಲೇ ಮಾಡಿ ಕೊಟ್ಟಿರುತ್ತಾರೆ. ನಾವು ಮಾಡಬೇಕಾದುದು ಅದಕ್ಕೆ ಅಳತೆಯ ರಂಧ್ರಗಳನ್ನು ಕೊರೆಯುವುದು, ವಾಲ್ವ್ ಕೂರಿಸುವುದು, ಜಾಲರಿಗೆ ಬೋಲ್ಟಿನ ಆಧಾರ ಕೊಡುವುದು. ಇವುಗಳಲ್ಲಿ ಯಾವುದಕ್ಕೂ ವೆಲ್ಡಿಂಗ್ ಬೇಡ. ವೆಲ್ಡಿಂಗ್ ಬೇಕಾಗುವುದು ಇದ್ದಿಲಿನ ಬುಟ್ಟಿಗೆ, ಬೇಕಿದ್ದರೆ ಕಾಲುಗಳಿಗೆ ಮತ್ತು ಹಿಡಿಕೆಗೆ. ಅವು ಬಹುಪಾಲು 3 ಎಂ.ಎಂ. ಅಥವಾ ಅದಕ್ಕಿಂತ ದಪ್ಪದ ಫ್ಲಾಟ್ (ಕಬ್ಬಿಣದ ಪಟ್ಟಿ), ಆಂಗಲ್ (ಎಲ್ ಆಕಾರದ ಪಟ್ಟಿ) ಮತ್ತು ಸರಳಿನ ತುಂಡುಗಳಾದ್ದರಿಂದ ಕಲಿಯುವವರ ಕೈಗೆ ಒಗ್ಗುತ್ತವೆ. ಬುಟ್ಟಿಯ ವೆಲ್ಡಿಂಗ್ ಗಂಟುಗಂಟಾಗಿದ್ದರೂ ಅಡುಗೆಗೆ ಏನೂ ಆಗುವುದಿಲ್ಲ, ಆದರೆ ಮುಚ್ಚಳದ ಅಂಚಿನಲ್ಲಿ ಗಾಳಿ ನುಗ್ಗುತ್ತಿದ್ದರೆ ಎಷ್ಟು ನುರಿತ ವೆಲ್ಡರ್ ಮಾಡಿದ ಸ್ಮೋಕರಾದರೂ ಹದಕ್ಕೆ ಬರುವುದಿಲ್ಲ. ಹೀಗಾಗಿ ಶ್ರಮವನ್ನು ಎಲ್ಲಿ ಹಾಕಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಟೆಕ್ಸಾಸ್‌ನಲ್ಲಿ ಕಾಣುವಂತಹ, ಬೆಂಕಿಪೆಟ್ಟಿಗೆ ಪಕ್ಕಕ್ಕಿರುವ ಅಡ್ಡ ಸ್ಮೋಕರನ್ನೇ ಮಾಡಿದರೆ ಏನು?

ಆಫ್‌ಸೆಟ್ ಎಂದು ಕರೆಯುವ ಆ ಮಾದರಿ ಟೆಕ್ಸಾಸ್‌ನ ತೈಲಬಾವಿಗಳ ಪೈಪು ಮತ್ತು ಅಲ್ಲಿನ ವೆಲ್ಡರುಗಳ ಕೈಚಳಕದ ಜೊತೆ ಬೆಳೆದದ್ದು. ಅದಕ್ಕೆ 6 ಎಂ.ಎಂ. ದಪ್ಪದ ತಗಡು, ಅಡುಗೆಯ ಭಾಗದ ಸುಮಾರು ಮೂರನೇ ಒಂದರಷ್ಟು ಗಾತ್ರದ ಬೆಂಕಿಪೆಟ್ಟಿಗೆ, ಬಾಗಿದ ಮೇಲ್ಮೈಗೆ ಸರಿಯಾಗಿ ಕೂರುವಂತೆ ಕತ್ತರಿಸಿದ ಕೀಲು ಮತ್ತು ಮೀಟರುಗಟ್ಟಲೆ ಸೋರದ ವೆಲ್ಡಿಂಗ್ ಬೇಕು. ತೆಳು ತಗಡಿನಲ್ಲಿ ಮಾಡಿದರೆ ಬೆಂಕಿಯ ಪಕ್ಕದ ಮಾಂಸ ಸುಡುತ್ತದೆ, ತುದಿಯದು ಹಸಿಯಾಗಿ ಉಳಿಯುತ್ತದೆ. ಎರಡನೆಯ ಯೋಜನೆಯಾಗಿ ಅದು ಚೆನ್ನ, ಮೊದಲನೆಯದಾಗಿ ಖಂಡಿತ ಬೇಡ.

ಯಾವ ಡ್ರಮ್ ಕೊಳ್ಳಬೇಕು?

ಮೇಲ್ಭಾಗ ಪೂರ್ತಿ ತೆರೆಯುವ, ಪ್ರತ್ಯೇಕ ಮುಚ್ಚಳ ಮತ್ತು ಅದನ್ನು ಬಿಗಿಯುವ ಬಳೆಯಿರುವ ಡ್ರಮ್ಮೇ ಬೇಕು. ಅಮೆರಿಕದಲ್ಲಿ 55 ಗ್ಯಾಲನ್ ಎನ್ನುವುದೂ ನಮ್ಮಲ್ಲಿ 200 ಅಥವಾ 210 ಲೀಟರ್ ಎನ್ನುವುದೂ ಹೆಚ್ಚುಕಡಿಮೆ ಒಂದೇ ಗಾತ್ರ: ಎತ್ತರ ಸುಮಾರು 880 ಎಂ.ಎಂ., ಒಳವ್ಯಾಸ ಸುಮಾರು 570 ಎಂ.ಎಂ. ತಗಡಿನ ದಪ್ಪ 1 ಎಂ.ಎಂ. ಆಸುಪಾಸಿನಲ್ಲಿರುತ್ತದೆ, 18 ಗೇಜಿನದು, ಅಂದರೆ 1.2 ಎಂ.ಎಂ. ದಪ್ಪದ್ದು ಸಿಕ್ಕರೆ ಹೆಚ್ಚು ಕಾಲ ಬಾಳುತ್ತದೆ.

ಒಳಗೆ ಯಾವ ಲೇಪವೂ ಇಲ್ಲದ ಹೊಸ ಡ್ರಮ್ ಎಲ್ಲಕ್ಕಿಂತ ಉತ್ತಮ. ಹಳೆಯದನ್ನೇ ಕೊಳ್ಳುವುದಾದರೆ ಜೇನುತುಪ್ಪ, ಹಣ್ಣಿನ ತಿರುಳಿನಂತಹ ಆಹಾರ ತುಂಬಿದ್ದನ್ನು ಹುಡುಕಬೇಕು. ಚಿತ್ತೂರು ಮತ್ತು ಕೃಷ್ಣಗಿರಿಯ ಕಡೆಯ ಮಾವಿನ ತಿರುಳು ಇಂತಹ ಡ್ರಮ್ಮುಗಳಲ್ಲೇ ಸಾಗುತ್ತದೆ, ತಿರುಳು ಒಳಗಿನ ಚೀಲದಲ್ಲಿರುವುದರಿಂದ ಡ್ರಮ್ಮಿನ ಗೋಡೆಗೆ ತಾಗಿರುವುದಿಲ್ಲ. ಗುಜರಿ ಅಂಗಡಿಯಲ್ಲಿ ನಿಂತಿರುವ ಡ್ರಮ್ಮಿನ ಪೂರ್ವೇತಿಹಾಸವನ್ನು ಅಂಗಡಿಯವರ ಬಾಯಿಮಾತಿನಿಂದ ನಂಬಬಾರದು. ಚೀಟಿ ಅಥವಾ ಅಚ್ಚಿನಿಂದ ಒಳಗೆ ಏನಿತ್ತು ಎಂಬುದು ಖಚಿತವಾಗದಿದ್ದರೆ ಬಿಟ್ಟು ಬರಬೇಕು. ಕೀಟನಾಶಕ, ದ್ರಾವಕ, ಬಣ್ಣ, ಆಸಿಡ್ ತುಂಬಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ, ಎಷ್ಟು ಸುಟ್ಟರೂ ಅಡುಗೆಗೆ ಬಳಸಕೂಡದು.

ಒಳಗೆ ಕಂದು ಅಥವಾ ಹೊಂಬಣ್ಣದ ಪದರವಿದೆ. ಅದನ್ನು ಹಾಗೆಯೇ ಬಿಡಬಹುದೇ?

ಬಿಡಬಾರದು. ಅದು ಎಪಾಕ್ಸಿ ಅಥವಾ ಫಿನಾಲಿಕ್ ಲೇಪ. ಸಾಮಾನ್ಯ ಸೌದೆಯ ಬೆಂಕಿಗೆ ಅದು ಕಪ್ಪಾಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ, ಸುಡುವಾಗ ಬರುವ ಹೊಗೆಯೂ ಕೆಟ್ಟದ್ದು. ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವವರಲ್ಲಿ ಕೊಟ್ಟು ಬರಿಯ ಲೋಹ ಕಾಣುವವರೆಗೆ ಉಜ್ಜಿಸುವುದೇ ಸರಿಯಾದ ದಾರಿ. ಆ ಖರ್ಚನ್ನು ಸೇರಿಸಿ ಲೆಕ್ಕ ಹಾಕಿದರೆ ಲೇಪವಿಲ್ಲದ ಹೊಸ ಡ್ರಮ್ಮೇ ಅಗ್ಗವಾಗುವುದೂ ಉಂಟು.

ಮುಚ್ಚಳ ತೆರೆಯದ ಡ್ರಮ್ಮನ್ನು ಗ್ರೈಂಡರಿನಿಂದ ಕತ್ತರಿಸಬಹುದೇ? ಹಳೆಯ ಗ್ಯಾಸ್ ಸಿಲಿಂಡರ್ ಆದೀತೇ?

ಎರಡೂ ಬೇಡ. ಪೆಟ್ರೋಲ್, ಥಿನ್ನರ್, ಎಣ್ಣೆ ಮುಂತಾದವು ಇದ್ದ ಮುಚ್ಚಿದ ಡ್ರಮ್ಮಿನಲ್ಲಿ ದ್ರವ ಖಾಲಿಯಾದ ಮೇಲೂ ಆವಿ ಉಳಿದಿರುತ್ತದೆ. ತುಂಬಿದ ಡ್ರಮ್ಮಿಗಿಂತ ‘ಖಾಲಿ’ ಡ್ರಮ್ ಹೆಚ್ಚು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ, ಏಕೆಂದರೆ ಸಿಡಿಯಲು ಬೇಕಾದ ಆವಿ ಮತ್ತು ಗಾಳಿ ಎರಡೂ ಅದರೊಳಗೆ ಬೆರೆತಿರುತ್ತವೆ. ಗ್ರೈಂಡರಿನ ಒಂದು ಕಿಡಿ ಸಾಕು. ಮನೆಯ ಅಡುಗೆ ಅನಿಲದ ಸಿಲಿಂಡರಂತೂ ತೈಲ ಕಂಪನಿಯ ಸ್ವತ್ತು. ಗ್ರಾಹಕರು ಠೇವಣಿ ಕೊಟ್ಟು ಇಟ್ಟುಕೊಂಡಿರುವುದಷ್ಟೇ, ಅದನ್ನು ಕತ್ತರಿಸುವ ಹಕ್ಕು ಯಾರಿಗೂ ಇಲ್ಲ.

ಜಿ.ಐ. (ಸತುವಿನ ಲೇಪವಿರುವ ಕಬ್ಬಿಣ) ತಗಡು, ಜಿ.ಐ. ಜಾಲರಿ ಅಗ್ಗವಾಗಿ ಸಿಗುತ್ತದೆ. ಬಳಸಬಹುದೇ?

ಬೆಂಕಿಗೆ ಹತ್ತಿರವಿರುವ ಅಥವಾ ಆಹಾರಕ್ಕೆ ತಾಗುವ ಯಾವ ಭಾಗಕ್ಕೂ ಜಿ.ಐ. ಬೇಡ. ಅದರ ಮೇಲಿನ ಸತುವು 419 ಡಿಗ್ರಿಗೆ ಕರಗುತ್ತದೆ, ಇದ್ದಿಲಿನ ಬುಟ್ಟಿಯ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ವೆಲ್ಡಿಂಗ್ ಮಾಡುವಾಗಲಂತೂ ಸತು ಕುದಿದು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರದಂತೆ ನಡುಕ, ಮೈಕೈ ನೋವು ಬರುತ್ತದೆ. ಬುಟ್ಟಿಗೆ ಎಂ.ಎಸ್. (ಲೇಪವಿಲ್ಲದ ಸಾಮಾನ್ಯ ಉಕ್ಕು), ಅಡುಗೆಯ ಜಾಲರಿಗೆ 304 ದರ್ಜೆಯ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಸರಿಯಾದ ಆಯ್ಕೆ. ಡ್ರಮ್ಮಿನ ಹೊರಗಡೆ ತಣ್ಣನೆಯ ಗಾಳಿ ಬರುವ ಜಾಗದಲ್ಲಿ ಕೂರುವ ಪೈಪ್ ನಿಪ್ಪಲ್ (ತಿರುಪು ಕೊರೆದ ಗಿಡ್ಡ ಪೈಪಿನ ತುಂಡು) ಜಿ.ಐ. ಆಗಿದ್ದರೆ ನಡೆಯುತ್ತದೆ, ಆದರೆ ಅದನ್ನು ವೆಲ್ಡ್ ಮಾಡದೆ ಚೆಕ್ ನಟ್ ಹಾಕಿ ಬಿಗಿಯಬೇಕು.

ಅಳತೆಗಳನ್ನು ಹೇಳಿ.

ಡ್ರಮ್ಮಿನ ತಳದಲ್ಲಿ ಬೂದಿ ಬೀಳಲು ಅಂಚುಳ್ಳ ಕಬ್ಬಿಣದ ತಟ್ಟೆ ಇರಲಿ. ಅದರ ಮೇಲೆ 75 ಎಂ.ಎಂ. ಎತ್ತರದ ಕಾಲುಗಳ ಮೇಲೆ ಇದ್ದಿಲಿನ ಬುಟ್ಟಿ ನಿಲ್ಲುತ್ತದೆ. ಬುಟ್ಟಿಯ ವ್ಯಾಸ 355 ಎಂ.ಎಂ., ಎತ್ತರ 200 ಎಂ.ಎಂ. ಬುಟ್ಟಿಯ ತಳದಿಂದ ಅಡುಗೆಯ ಜಾಲರಿಗೆ 610 ಎಂ.ಎಂ., ಅಂದರೆ ಎರಡು ಅಡಿ ಅಂತರ ಬೇಕು. ಹೀಗೆ ಕೂಡಿಸಿದರೆ ಜಾಲರಿ ಡ್ರಮ್ಮಿನ ಮೇಲಂಚಿನಿಂದ ಸುಮಾರು 190 ಎಂ.ಎಂ. ಕೆಳಗೆ ಬರುತ್ತದೆ, ಇಡೀ ಕೋಳಿಯನ್ನು ಇಟ್ಟರೂ ಮುಚ್ಚಳ ತಾಗುವುದಿಲ್ಲ. ಈ ಎರಡು ಅಡಿಯನ್ನು ಕಡಿಮೆ ಮಾಡಿದರೆ ಅದು ಸ್ಮೋಕರಾಗಿ ಉಳಿಯದೆ ಗ್ರಿಲ್ಲಾಗುತ್ತದೆ.

ಜಾಲರಿಯ ವ್ಯಾಸ 545 ಎಂ.ಎಂ. ಇದ್ದರೆ ಸುತ್ತಲೂ ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ಅದನ್ನು ಹೊರಲು ಒಂದೇ ಮಟ್ಟದಲ್ಲಿ ನಾಲ್ಕು ಕಡೆ 8 ಎಂ.ಎಂ. ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ತೂರಿಸಿ, ಎರಡೂ ಬದಿ ವಾಷರ್ ಹಾಕಿ ಬಿಗಿದು, ಒಳಗೆ 40 ಎಂ.ಎಂ. ಚಾಚಿಕೊಂಡಿರುವಂತೆ ನೋಡಿಕೊಳ್ಳಬೇಕು. ವಿದೇಶದಲ್ಲಿರುವವರಿಗೆ ಒಂದು ಅನುಕೂಲ: ಅಲ್ಲಿ ಎಲ್ಲೆಡೆ ಸಿಗುವ 22 ಇಂಚಿನ ವೆಬರ್ ಕೆಟಲ್ ಎಂಬ ದುಂಡನೆಯ ಗ್ರಿಲ್ಲಿನ ಜಾಲರಿ ಈ ಡ್ರಮ್ಮಿನೊಳಗೆ ಸರಿಯಾಗಿ ಕೂರುತ್ತದೆ, ಬೇರೆ ಮಾಡಿಸುವ ಅಗತ್ಯವಿಲ್ಲ.

ಗಾಳಿಕಂಡಿಗಳು ಎಷ್ಟು, ಎಲ್ಲಿ, ಏಕೆ?

ಈ ಕೆಲಸದ ಜೀವಾಳ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಇದ್ದಿಲು ಎಷ್ಟು ಬೇಗ ಉರಿಯಬೇಕು ಎಂಬುದನ್ನು ನಿರ್ಧರಿಸುವುದು ಇದ್ದಿಲಿನ ಪ್ರಮಾಣವಲ್ಲ, ಅದಕ್ಕೆ ಸಿಗುವ ಆಮ್ಲಜನಕ. ಬುಟ್ಟಿ ಪೂರ್ತಿ ತುಂಬಿದ್ದರೂ ಗಾಳಿ ಕಡಿಮೆಯಿದ್ದರೆ ಬೆಂಕಿ ಸಣ್ಣದಾಗಿಯೇ ಇರುತ್ತದೆ.

ತಳದಿಂದ 50 ಎಂ.ಎಂ. ಎತ್ತರದಲ್ಲಿ ಮುಕ್ಕಾಲು ಇಂಚಿನ ಮೂರು ನಿಪ್ಪಲ್‌ಗಳನ್ನು ಸಮಾನ ದೂರದಲ್ಲಿ ಕೂರಿಸಬೇಕು. ಡ್ರಮ್ಮಿನ ಸುತ್ತಳತೆಯನ್ನು ದಾರದಿಂದ ಅಳೆದು ಮೂರಾಗಿ ಮಡಚಿದರೆ ಸುಮಾರು 600 ಎಂ.ಎಂ.ಗೊಂದು ಗುರುತು ಬರುತ್ತದೆ. ಒಂದಕ್ಕೆ ಬಾಲ್ ವಾಲ್ವ್, ಉಳಿದೆರಡಕ್ಕೆ ತಿರುಗಿಸಿ ಮುಚ್ಚುವ ಕ್ಯಾಪ್. ಮುಚ್ಚಳದಲ್ಲಿ 12.5 ಎಂ.ಎಂ.ನ ಎಂಟು ರಂಧ್ರಗಳನ್ನು ವರ್ತುಲಾಕಾರವಾಗಿ ಕೊರೆಯಬೇಕು. ಲೆಕ್ಕ ಹೀಗಿದೆ: ಸುಮಾರು 20 ಎಂ.ಎಂ. ಒಳವ್ಯಾಸದ ಮೂರು ಗಾಳಿಕಂಡಿಗಳ ಒಟ್ಟು ವಿಸ್ತೀರ್ಣ 940 ಚದರ ಎಂ.ಎಂ., ಎಂಟು ಹೊಗೆಕಂಡಿಗಳದ್ದು 980. ಹೊರಹೋಗುವ ದಾರಿ ಒಳಬರುವ ದಾರಿಗಿಂತ ಕಿರಿದಾಗಬಾರದು ಎಂಬುದೇ ನಿಯಮ. ಕಿರಿದಾದರೆ ಹೊಗೆ ಒಳಗೇ ತಂಗಿ, ಮಾಂಸದ ಮೇಲೆ ಡಾಂಬರಿನಂತಹ ಕಹಿ ಅಂಟು ಕೂರುತ್ತದೆ. ನಿಮ್ಮ ಮುಚ್ಚಳದಲ್ಲಿ ಎರಡು ಇಂಚಿನ ಬಿರಡೆ ಆಗಲೇ ಇದ್ದರೆ ಅದೊಂದೇ ಸಾಕಾಗುತ್ತದೆ, ಎಂಟು ರಂಧ್ರ ಕೊರೆಯಬೇಕಾಗಿಲ್ಲ.

ಇಷ್ಟು ದೊಡ್ಡ ರಂಧ್ರವನ್ನು ತೆಳು ತಗಡಿನಲ್ಲಿ ಸಾಮಾನ್ಯ ಡ್ರಿಲ್ ಬಿಟ್ಟಿನಿಂದ ಕೊರೆಯಲು ಹೋದರೆ ಅಂಚು ಹರಿದು ಮೂರು ಮೂಲೆಯ ತೂತಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿರುವ ಸ್ಟೆಪ್ ಡ್ರಿಲ್ ಬಿಟ್ ಒಂದನ್ನು ಕೊಂಡರೆ ಎಲ್ಲ ಅಳತೆಯ ರಂಧ್ರಗಳೂ ದುಂಡಗೆ ಬರುತ್ತವೆ.

ಯಾವ ವೆಲ್ಡಿಂಗ್ ಮೆಷಿನ್, ಯಾವ ರಾಡ್, ಎಷ್ಟು ಕರೆಂಟ್?

ಸಿಂಗಲ್ ಫೇಸಿನಲ್ಲಿ ನಡೆಯುವ ಸಣ್ಣ ಇನ್ವರ್ಟರ್ ಆರ್ಕ್ ವೆಲ್ಡಿಂಗ್ ಮೆಷಿನ್ ಸಾಕು, ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ರಾಡ್ 6013 ದರ್ಜೆಯದು ಇರಲಿ, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಮತ್ತು ಹೊಸಬರ ಕೈನಡುಕವನ್ನು ಸಹಿಸಿಕೊಳ್ಳುತ್ತದೆ. 3ರಿಂದ 5 ಎಂ.ಎಂ. ದಪ್ಪದ ಲೋಹಕ್ಕೆ 2.5 ಎಂ.ಎಂ. ರಾಡ್ ಹಾಕಿ 70ರಿಂದ 85 ಆಂಪಿಯರ್ ಇಟ್ಟು ಶುರುಮಾಡಬಹುದು. 80 ಆಂಪಿಯರಿನಲ್ಲಿ ಆರ್ಕಿನ (ರಾಡಿಗೂ ಲೋಹಕ್ಕೂ ನಡುವೆ ಉರಿಯುವ ವಿದ್ಯುತ್ ಕಿಡಿಯ) ವೋಲ್ಟೇಜ್ ಸುಮಾರು 23 ಇರುವುದರಿಂದ ಶಾಖಕ್ಕೇ ಎರಡು ಕಿಲೋವ್ಯಾಟಿನ ಹತ್ತಿರ ಬೇಕಾಗುತ್ತದೆ, ಮೆಷಿನ್ ಎಳೆದುಕೊಳ್ಳುವುದು ಅದಕ್ಕೂ ಹೆಚ್ಚು. ಆದ್ದರಿಂದ 6 ಆಂಪಿಯರಿನ ಸಾಕೆಟ್ಟಿಗಾಗಲಿ ತೆಳುವಾದ ಎಕ್ಸ್‌ಟೆನ್ಷನ್ ವೈರಿಗಾಗಲಿ ಸಿಕ್ಕಿಸದೆ, ಅರ್ತಿಂಗ್ ಸರಿಯಾಗಿರುವ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು. ಮಳೆಗಾಲದಲ್ಲಿ ರಾಡಿನ ಲೇಪ ತೇವ ಹೀರಿಕೊಂಡು ಸಿಡಿಯುತ್ತದೆ, ಒಣಗಿದ ಡಬ್ಬಿಯಲ್ಲಿ ಮುಚ್ಚಿಡುವುದು ಅಗತ್ಯ.

ನೇರವಾಗಿ ಬುಟ್ಟಿಗೆ ಕೈಹಾಕದೆ ಗುಜರಿಯ ಫ್ಲಾಟ್ ತುಂಡುಗಳ ಮೇಲೆ ಅಭ್ಯಾಸ ಮಾಡಬೇಕು. ರಾಡಿನ ತುದಿಗೂ ಲೋಹಕ್ಕೂ ರಾಡಿನ ದಪ್ಪದಷ್ಟೇ ಅಂತರ, ಚಲಿಸುವ ದಿಕ್ಕಿಗೆ ಸ್ವಲ್ಪ ಓರೆ, ಅವಸರವಿಲ್ಲದ ಒಂದೇ ವೇಗ. ಹೊಸಬರು ಹೊಳೆಯುವ ಆರ್ಕನ್ನು ನೋಡುತ್ತಾರೆ, ಆದರೆ ನೋಡಬೇಕಾದುದು ಅದರ ಹಿಂದೆ ಕರಗಿ ನಿಂತಿರುವ ಲೋಹದ ಮಡುವನ್ನು. ಆರ್ಕಿನ ಸದ್ದು ಎಣ್ಣೆಯಲ್ಲಿ ಹಪ್ಪಳ ಕರಿಯುವ ಸದ್ದಿನಂತೆ ಎಡೆಬಿಡದೆ ಬರುತ್ತಿದ್ದರೆ ಕರೆಂಟೂ ಅಂತರವೂ ಸರಿಯಾಗಿವೆ ಎಂದರ್ಥ. ರಾಡ್ ಪದೇ ಪದೇ ಅಂಟಿಕೊಂಡರೆ ಕರೆಂಟ್ ಸಾಲದು. ಅಂಚು ಕೊರೆದು ಹಳ್ಳ ಬಿದ್ದರೆ ಹೆಚ್ಚಾಗಿದೆ. ಜೋಡಿಸಿದ ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಾಗಿಸಿ ನೋಡಿ. ಬೆಸುಗೆ ಬಿಡದೆ ಫ್ಲಾಟೇ ಬಾಗಿದರೆ ಬುಟ್ಟಿಗೆ ಕೈ ಹಾಕಬಹುದು.

ಇದ್ದಿಲಿನ ಬುಟ್ಟಿಯನ್ನು ಯಾವ ಕ್ರಮದಲ್ಲಿ ಮಾಡಬೇಕು?

25 ಎಂ.ಎಂ. ಅಗಲ, 3 ಎಂ.ಎಂ. ದಪ್ಪದ ಫ್ಲಾಟನ್ನು ಸುಮಾರು 1110 ಎಂ.ಎಂ. ಉದ್ದಕ್ಕೆ ಕತ್ತರಿಸಿ ಬಳೆಯಾಗಿ ಬಾಗಿಸಿ ತುದಿಗಳನ್ನು ಕೂಡಿಸಿದರೆ 355 ಎಂ.ಎಂ. ವ್ಯಾಸ ಬರುತ್ತದೆ. ಇಂತಹ ಎರಡು ಬಳೆಗಳು ಬೇಕು, ಕೆಳಗೊಂದು ಮೇಲೊಂದು. ಬಾಗಿಸುವ ಕೆಲಸವನ್ನು ಕಿಟಕಿಯ ಗ್ರಿಲ್ ಮಾಡುವ ಅಂಗಡಿಯವರು ಕ್ಷಣದಲ್ಲಿ ಮಾಡಿಕೊಡುತ್ತಾರೆ, ಅದಕ್ಕಾಗಿ ಒದ್ದಾಡುವುದರಲ್ಲಿ ಅರ್ಥವಿಲ್ಲ. ಬಳೆಗಳ ನಡುವೆ ಎಕ್ಸ್‌ಪ್ಯಾಂಡೆಡ್ ಮೆಟಲ್ (ತಗಡನ್ನು ಸೀಳಿ ಹಿಗ್ಗಿಸಿ ಮಾಡಿದ) ಜಾಲರಿಯನ್ನು ಸುತ್ತಿ, ಅದರದ್ದೇ ದುಂಡನೆಯ ತುಂಡನ್ನು ತಳಕ್ಕೆ ಕೂರಿಸಬೇಕು.

ಮೊದಲು ಎಲ್ಲ ಕಡೆ ಟ್ಯಾಕ್, ಅಂದರೆ ಚುಕ್ಕೆಯಷ್ಟು ಬೆಸುಗೆ ಮಾತ್ರ ಹಾಕಿ. ಎದುರುಬದುರಾಗಿ ಹಾಕುತ್ತ ಹೋದರೆ ಬಳೆ ಸೊಟ್ಟಗಾಗುವುದಿಲ್ಲ, ತಪ್ಪಾದರೂ ಗ್ರೈಂಡರಿನಿಂದ ಬಿಡಿಸುವುದು ಸುಲಭ. ಜಾಲರಿಯ ಕಡ್ಡಿ ತೆಳುವಾಗಿರುವುದರಿಂದ ಆರ್ಕನ್ನು ದಪ್ಪ ಫ್ಲಾಟಿನ ಮೇಲೆ ಹಿಡಿದು, ಕರಗಿದ ಲೋಹ ಕಡ್ಡಿಯನ್ನು ಮುಟ್ಟುವಂತೆ ತಳ್ಳಬೇಕು. ಕಡ್ಡಿಯ ಮೇಲೆಯೇ ಹಿಡಿದರೆ ಅದು ಕರಗಿ ಮಾಯವಾಗುತ್ತದೆ. ಕೊನೆಗೆ 75 ಎಂ.ಎಂ.ನ ಮೂರು ಕಾಲುಗಳು ಮತ್ತು ಎತ್ತಲು 8 ಎಂ.ಎಂ. ಸರಳಿನ ಹಿಡಿಕೆ. ಮೂರೇ ಕಾಲಿರಲಿ, ನಾಲ್ಕಾದರೆ ಒಂದು ಯಾವಾಗಲೂ ಗಾಳಿಯಲ್ಲಿರುತ್ತದೆ.

ಡ್ರಮ್ಮಿನ ತಗಡಿಗೇ ವೆಲ್ಡ್ ಮಾಡಲೇಬೇಕಾಗಿ ಬಂದರೆ?

ಸಾಧ್ಯವಾದಷ್ಟೂ ಬೋಲ್ಟು ಹಾಕಿ. 1.2 ಎಂ.ಎಂ. ತಗಡಿನ ಮೇಲೆ 2.5 ಎಂ.ಎಂ. ರಾಡ್ ಹಿಡಿದರೆ ಕ್ಷಣಮಾತ್ರದಲ್ಲಿ ತೂತು ಬೀಳುತ್ತದೆ, ಆ ತೂತನ್ನು ಮುಚ್ಚಲು ಹೋದರೆ ಅದು ದೊಡ್ಡದಾಗುತ್ತದೆ. ಅನಿವಾರ್ಯವಾದರೆ 2 ಎಂ.ಎಂ. ರಾಡ್, 40ರಿಂದ 55 ಆಂಪಿಯರ್, ಹಿಂಬದಿಗೆ ದಪ್ಪ ತಾಮ್ರದ ತುಂಡಿನ ಆಸರೆ, ಒಂದು ಸೆಂಟಿಮೀಟರಿಗಿಂತ ಉದ್ದವಿಲ್ಲದ ಹೊಲಿಗೆ, ಅದು ತಣಿದ ಮೇಲೆ ಇನ್ನೊಂದು ಕಡೆ ಮತ್ತೊಂದು ಹೊಲಿಗೆ. ತಳಕ್ಕೆ ಗಾಲಿ ಬೇಕೆನ್ನುವವರು ಆಂಗಲಿನಿಂದ ಪ್ರತ್ಯೇಕ ಸ್ಟ್ಯಾಂಡ್ ವೆಲ್ಡ್ ಮಾಡಿ ಅದರ ಮೇಲೆ ಡ್ರಮ್ಮನ್ನು ಕೂರಿಸಿದರೆ ತಗಡನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಕಣ್ಣಿಗೂ ಮೈಗೂ ಏನು ರಕ್ಷಣೆ ಬೇಕು?

10 ಅಥವಾ 11ನೆಯ ಶೇಡ್ ಗಾಜಿನ ಹೆಲ್ಮೆಟ್, ಚರ್ಮದ ಕೈಗವಸು, ಮೈ ಪೂರ್ತಿ ಮುಚ್ಚುವ ದಪ್ಪ ಹತ್ತಿ ಬಟ್ಟೆ, ಬೂಟು. ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಿಸಿಲಿನ ಕನ್ನಡಕ ಹಾಕಿಕೊಂಡು ಅಥವಾ ಕಣ್ಣು ಮುಚ್ಚಿ ಮುಖ ತಿರುಗಿಸಿಕೊಂಡು ವೆಲ್ಡ್ ಮಾಡುವ ಪದ್ಧತಿಯನ್ನು ಬೀದಿಬದಿಯ ಅಂಗಡಿಗಳಲ್ಲಿ ಕಾಣುತ್ತೇವೆ, ಅನುಕರಿಸಬಾರದು. ಆರ್ಕಿನ ಅತಿನೇರಳೆ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ, ರಾತ್ರಿ ಕಣ್ಣಿಗೆ ಮರಳು ಹಾಕಿದಂತೆ ಉರಿ ಬರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮಕ್ಕಳಿಗೂ ಇದೇ ಅಪಾಯವಿದೆ. ಬೆಸುಗೆಯ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಪದರವನ್ನು ಒಡೆಯುವಾಗ ಮತ್ತು ಗ್ರೈಂಡರ್ ಹಿಡಿದಾಗ ಪಾರದರ್ಶಕ ಕನ್ನಡಕವನ್ನು ತೆಗೆಯಕೂಡದು.

ಥರ್ಮಾಮೀಟರನ್ನು ಎಲ್ಲಿ ಹಾಕಬೇಕು? ಅದು ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಜಾಲರಿಯ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಉದ್ದ ಕಡ್ಡಿಯ ಡಯಲ್ ಥರ್ಮಾಮೀಟರನ್ನು ಡ್ರಮ್ಮಿನ ಬದಿಗೆ ಹಾಕಬೇಕು. ಮುಚ್ಚಳದಲ್ಲಿ ಹಾಕಿದರೆ ಅದು ಮಾಂಸ ಇರುವಲ್ಲಿನ ಬಿಸಿಯನ್ನು ಹೇಳುವುದಿಲ್ಲ. ಹಾಕುವ ಮುನ್ನ ಕುದಿಯುವ ನೀರಿನಲ್ಲಿ ಪರೀಕ್ಷಿಸಿ, ಆದರೆ ಊರಿನ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಹತ್ತಿರ. ಇದನ್ನು ಮರೆತವರು ಸರಿಯಾದ ಥರ್ಮಾಮೀಟರನ್ನು ತಿರುಗಿಸಿ ತಪ್ಪು ಮಾಡಿಬಿಡುತ್ತಾರೆ. ಮಾಂಸದ ಒಳಗೆ ಚುಚ್ಚಿ ನೋಡಲು ಪ್ರತ್ಯೇಕ ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು. ಬಣ್ಣ, ಹಿಡಿಕೆ, ಗಾಲಿಗಳಲ್ಲಿ ಎಷ್ಟು ಬೇಕಾದರೂ ಉಳಿಸಬಹುದು, ಇದರಲ್ಲಿ ಬೇಡ.

ಡ್ರಮ್ಮಿನ ಕೆಲಸ ಮುಗಿದ ಕೂಡಲೇ ಅಡುಗೆ ಮಾಡಬಹುದೇ?

ಎರಡು ಬೆಂಕಿಗಳು ಆಗಬೇಕು. ಮೊದಲನೆಯದು ಮುಚ್ಚಳ ತೆಗೆದು, ಕಂಡಿಗಳನ್ನೆಲ್ಲ ತೆರೆದು, ಒಣಸೌದೆಯಿಂದ ಹಾಕುವ ಜೋರು ಬೆಂಕಿ. ಕಾರ್ಖಾನೆಯ ಎಣ್ಣೆ, ತುಕ್ಕುನಿರೋಧಕ, ಹೊರಗಿನ ಬಣ್ಣ ಎಲ್ಲ ಉರಿದುಹೋಗಬೇಕು. ಇದನ್ನು ಬಯಲಿನಲ್ಲಿ, ಗಾಳಿ ಬರುವ ದಿಕ್ಕಿಗೆ ನಿಂತು ಮಾಡಬೇಕು, ವಾಲ್ವ್ ಮತ್ತು ಥರ್ಮಾಮೀಟರುಗಳನ್ನು ಆಮೇಲೆ ಕೂರಿಸಬೇಕು. ತಣಿದ ಮೇಲೆ ವೈರ್ ಬ್ರಷ್‌ನಿಂದ ಉಜ್ಜಿ ತೊಳೆದು, ಹೊರಗೆ ಶಾಖ ತಡೆಯುವ ಬಣ್ಣ ಬಳಿಯಿರಿ. ಬೈಕಿನ ಸೈಲೆನ್ಸರಿಗೆ ಹೊಡೆಯುವ ಬಣ್ಣ ಆಗುತ್ತದೆ. ಒಳಗೆ ಯಾವ ಬಣ್ಣವೂ ಬೇಡ, ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ ಎರಡನೆಯ ಬೆಂಕಿಯಲ್ಲಿ 150 ಡಿಗ್ರಿಯಂತೆ ಮೂರು ನಾಲ್ಕು ಗಂಟೆ ಬಿಡಬೇಕು. ಕಬ್ಬಿಣದ ದೋಸೆಹಂಚನ್ನು ಪಳಗಿಸಿದವರಿಗೆ ಈ ಕೆಲಸ ಹೊಸದಲ್ಲ.

ಯಾವ ಇದ್ದಿಲು, ಯಾವ ಕಟ್ಟಿಗೆ?

ಶಾಖಕ್ಕೆ ಇದ್ದಿಲು, ಪರಿಮಳಕ್ಕೆ ಕಟ್ಟಿಗೆ. ಮರದ ಇದ್ದಿಲು ದಪ್ಪ ತುಂಡುಗಳಾಗಿರಲಿ, ಪುಡಿಯಾದದ್ದು ಗಾಳಿಯನ್ನು ಕಟ್ಟಿಹಾಕುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಹೆಚ್ಚು ಬಿಸಿ ಕೊಡುತ್ತದೆ, ಬೂದಿ ಕಡಿಮೆ. ಕಟ್ಟಿಗೆಯಲ್ಲಿ ಸೀಬೆ, ಮಾವು, ನೇರಳೆ ಮತ್ತು ಕಾಫಿ ತೋಟದಲ್ಲಿ ಕೊಂಬೆ ಸವರಿದಾಗ ಉಳಿಯುವ ಕಾಫಿ ಗಿಡದ ದಪ್ಪ ಕೊಂಬೆ ಚೆನ್ನಾಗಿರುತ್ತವೆ. ಆರು ತಿಂಗಳಾದರೂ ಒಣಗಿರಬೇಕು. ಮುಷ್ಟಿಯಷ್ಟು ದೊಡ್ಡ ಮೂರು ನಾಲ್ಕು ತುಂಡು ಸಾಕು. ನೀರಿನಲ್ಲಿ ನೆನೆಸುವುದರಿಂದ ಆವಿ ಬರುತ್ತದೆಯೇ ಹೊರತು ಒಳ್ಳೆಯ ಹೊಗೆಯಲ್ಲ.

ಬೇಡದವುಗಳ ಪಟ್ಟಿಯೇ ಹೆಚ್ಚು ಮುಖ್ಯ. ಪೈನ್ ಮತ್ತು ನೀಲಗಿರಿಯಲ್ಲಿ ರಾಳ, ತೈಲ ಹೆಚ್ಚು. ಪ್ಲೈವುಡ್, ಬಣ್ಣ ಹಚ್ಚಿದ ಮರ, ಔಷಧಿ ಹೊಡೆದ ಪ್ಯಾಲೆಟ್ ಬೇಡವೇ ಬೇಡ. ಕಣಗಿಲೆ ವಿಷದ ಗಿಡ, ಅದರ ಕಡ್ಡಿಯನ್ನು ಚುಚ್ಚಲೂ ಬಳಸಬಾರದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಮಲೆನಾಡಿನ ಹೊಳಗೇರಿನ ಸೊನೆ ತಾಗಿದರೆ ಮೈ ಊದಿಕೊಳ್ಳುತ್ತದೆ ಎಂಬುದು ಅಲ್ಲಿನವರಿಗೆ ಗೊತ್ತೇ ಇದೆ. ಇವುಗಳ ಹೊಗೆಯನ್ನು ಆಹಾರಕ್ಕೆ ತಾಗಿಸಕೂಡದು.

ಬೆಂಕಿ ಹಚ್ಚುವ ಕ್ರಮ ಯಾವುದು?

ಬುಟ್ಟಿಯಲ್ಲಿ ಹೊತ್ತಿಸದ ಇದ್ದಿಲನ್ನು ತುಂಬಿ, ನಡುವೆ ಕಟ್ಟಿಗೆಯ ತುಂಡುಗಳನ್ನು ಹುದುಗಿಸಿ, ಬೇರೆ ಕಡೆ ಚೆನ್ನಾಗಿ ಕೆಂಪಾಗಿಸಿದ ಹತ್ತು ಹನ್ನೆರಡು ಕೆಂಡಗಳನ್ನು ಮೇಲೆ ಇಡುವುದು. ಕೆಂಡ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹರಡುತ್ತ ಗಂಟೆಗಟ್ಟಲೆ ಉರಿಯುತ್ತದೆ. ಅಮೆರಿಕದ ಸ್ಪರ್ಧೆಗಳ ಅಡುಗೆಗಾರ ಜಿಮ್ ಮಿನಿಯನ್ ಅವರಿಂದ ಇದಕ್ಕೆ ಮಿನಿಯನ್ ವಿಧಾನ ಎಂಬ ಹೆಸರು ಬಂದಿದೆ. ಸೀಮೆಎಣ್ಣೆ ಹಾಕಿ ಹೊತ್ತಿಸಿದರೆ ಅದರ ವಾಸನೆ ಊಟದವರೆಗೂ ಉಳಿಯುತ್ತದೆ.

ಆರಂಭದಲ್ಲಿ ಕಂಡಿಗಳೆಲ್ಲ ತೆರೆದಿರಲಿ. ಬಿಸಿ 95 ಡಿಗ್ರಿ ದಾಟಿದೊಡನೆ ಎರಡು ಕ್ಯಾಪುಗಳನ್ನು ಮುಚ್ಚಿ, 110 ಬಂದಾಗ ವಾಲ್ವನ್ನು ಅರ್ಧಕ್ಕೆ ತನ್ನಿ. ಗುರಿಯ ಹತ್ತಿರ ಬರುವ ಮೊದಲೇ ಗಾಳಿ ಕಡಿಮೆ ಮಾಡಬೇಕು, ಏಕೆಂದರೆ ಏರಿದ ಬಿಸಿಯನ್ನು ಇಳಿಸುವುದು ಏರಿಸುವುದಕ್ಕಿಂತ ಬಹಳ ಕಷ್ಟ. ಹೊಗೆಕಂಡಿಗಳು ಕೊನೆಯವರೆಗೂ ಪೂರ್ತಿ ತೆರೆದಿರಬೇಕು. ಮೊದಲು ದಟ್ಟವಾದ ಬಿಳಿ ಹೊಗೆ ಬರುತ್ತದೆ. ಅದು ತೆಳುವಾಗಿ, ನಸುನೀಲಿಯಾಗಿ, ಕಂಡೂ ಕಾಣದಂತಾದ ಮೇಲೆ ಮಾಂಸವನ್ನು ಇಡಬೇಕು.

ವಾಲ್ವ್ ಮುಚ್ಚಿದರೂ ಬಿಸಿ ಏರುತ್ತಲೇ ಇದೆ. ಎಲ್ಲಿ ದೋಷ?

ಬೇರೆಲ್ಲೋ ಗಾಳಿ ನುಗ್ಗುತ್ತಿದೆ. ಮುಚ್ಚಳದ ಅಂಚು ನೆಗ್ಗಿದ್ದರೆ ಸುತ್ತಿಗೆಯಿಂದ ತಿದ್ದಿ, ಬಳೆಯನ್ನು ಬಿಗಿಯಿರಿ. ಅದೂ ಸಾಲದಿದ್ದರೆ ಶಾಖ ತಡೆಯುವ ಗ್ಲಾಸ್‌ಫೈಬರ್ ಹಗ್ಗವನ್ನು ಅಂಚಿಗೆ ಕೂರಿಸಬಹುದು. ನಿಪ್ಪಲ್ ಸುತ್ತಲಿನ ಸಂದುಗಳನ್ನು ಅಗರಬತ್ತಿಯ ಹೊಗೆ ಹಿಡಿದು ಪರೀಕ್ಷಿಸಿ, ಹೊಗೆ ಒಳಕ್ಕೆ ಸೆಳೆದುಕೊಂಡರೆ ಅಲ್ಲೇ ಸೋರಿಕೆ. ಸಣ್ಣಪುಟ್ಟ ಸಂದುಗಳು ಕೆಲವು ಅಡುಗೆಗಳ ನಂತರ ಜಿಡ್ಡು ಮತ್ತು ಮಸಿಯಿಂದ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಎರಡನೆಯ ಕಾರಣ ನೀವೇ: ಪದೇ ಪದೇ ಮುಚ್ಚಳ ತೆರೆದು ನೋಡಿದರೆ ಪ್ರತಿಸಲವೂ ಬೆಂಕಿಗೆ ಹೊಸ ಆಮ್ಲಜನಕ ಸಿಗುತ್ತದೆ. ಜೋರು ಗಾಳಿಯ ದಿನ ವಾಲ್ವ್ ಗಾಳಿಗೆ ಬೆನ್ನು ಮಾಡಿರಲಿ. ಏನೇ ಆದರೂ ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ.

ಮೊದಲ ಅಡುಗೆಗೆ ಏನಿಡಬೇಕು?

ಕೋಳಿ. ಅದು ಕ್ಷಮಾಶೀಲ ಮಾಂಸ. ಬಿಸಿ 140 ಡಿಗ್ರಿಗೆ ಹೋದರೂ ಕೆಡುವುದಿಲ್ಲ, ದಪ್ಪಭಾಗದ ಒಳಗೆ 74 ಡಿಗ್ರಿ ಬಂದರೆ ಬೆಂದಿದೆ. ಬಂಗುಡೆ ಬೇಗ ಆಗುತ್ತದೆ, 63 ಡಿಗ್ರಿ ಸಾಕು. ಡ್ರಮ್ಮಿನ ಗುಣ ಅರ್ಥವಾದ ಮೇಲೆ ಹಂದಿಯ ಮುಂಗಾಲಿನ ಭುಜದ ತುಂಡನ್ನು ಹಿಡಿಯಬಹುದು. ಮೂರು ಕಿಲೋದ ತುಂಡಿಗೆ 120 ಡಿಗ್ರಿಯಲ್ಲಿ ಎಂಟು ಗಂಟೆಯ ಆಚೀಚೆ ಬೇಕು, ಒಳಗಿನ ಬಿಸಿ 93ರಿಂದ 96 ತಲುಪಬೇಕು. ನಡುವೆ 65ರಿಂದ 75 ಡಿಗ್ರಿಯೊಳಗೆ ಎಲ್ಲೋ ಬಿಸಿ ಗಂಟೆಗಟ್ಟಲೆ ಅಲುಗಾಡದೆ ನಿಂತುಬಿಡುತ್ತದೆ. ಥರ್ಮಾಮೀಟರ್ ಕೆಟ್ಟಿಲ್ಲ, ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತ ಬರುವ ಶಾಖವನ್ನೆಲ್ಲ ತಿಂದುಹಾಕುತ್ತಿದೆ. ಕಾಯಬೇಕು, ಇಲ್ಲವೇ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿದರೆ ಆವಿ ನಿಂತು ಬಿಸಿ ಮತ್ತೆ ಏರುತ್ತದೆ.

ಮಾಂಸ ತಿನ್ನದವರಿಗೆ ಇದರಿಂದ ಉಪಯೋಗವಿದೆಯೇ?

ಇದೆ. ಬದನೆಕಾಯಿ, ಟೊಮೆಟೊ, ಮೆಕ್ಕೆಜೋಳ, ಪನೀರ್ ಎಲ್ಲವೂ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹೊಗೆಯನ್ನು ಹೀರಿಕೊಳ್ಳುತ್ತವೆ. ಹೊಗೆ ಹಾಕಿದ ಬದನೆಕಾಯಿಯ ಗೊಜ್ಜಿಗೆ ಬೇರೆ ಶಿಫಾರಸು ಬೇಕಿಲ್ಲ.

ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಅಥವಾ ಶೆಡ್ಡಿನೊಳಗೆ ಬಳಸಬಹುದೇ?

ಬಳಸಕೂಡದು. ಗಾಳಿ ಕಡಿಮೆ ಕೊಟ್ಟು ಉರಿಸುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೇರಳವಾಗಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಪ್ರಾಣ ತೆಗೆಯುತ್ತದೆ. ತೆರೆದ ಅಂಗಳ ಅಥವಾ ತಾರಸಿ, ಕೆಳಗೆ ಕಲ್ಲು ಇಲ್ಲವೇ ಸಿಮೆಂಟಿನ ನೆಲ, ಗೋಡೆಯಿಂದಲೂ ಒಣಹುಲ್ಲಿನಿಂದಲೂ ದೂರ. ಆರಿದಂತೆ ಕಾಣುವ ಬೂದಿಯಲ್ಲಿ ಮರುದಿನವೂ ಕೆಂಡ ಇರಬಹುದಾದ್ದರಿಂದ ಅದನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬಾರದು.

ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಇಡುವುದು ಹೇಗೆ?

ಅಡುಗೆ ಮುಗಿದೊಡನೆ ವಾಲ್ವ್, ಕ್ಯಾಪ್, ಹೊಗೆಕಂಡಿ ಎಲ್ಲವನ್ನೂ ಮುಚ್ಚಿದರೆ ಬೆಂಕಿ ಉಸಿರುಗಟ್ಟಿ ಆರುತ್ತದೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತದೆ. ಹೊಗೆಕಂಡಿಗಳನ್ನು ಮುಚ್ಚಲು ಅಯಸ್ಕಾಂತದ ಬಿಲ್ಲೆಗಳು ಸುಲಭದ ಉಪಾಯ. ತಣಿದ ಮೇಲೆ ಬೂದಿಯನ್ನು ಪೂರ್ತಿ ತೆಗೆಯುವುದನ್ನು ಮಾತ್ರ ಮುಂದೂಡಬಾರದು. ಬೂದಿ ಗಾಳಿಯ ತೇವವನ್ನು ಹೀರಿ, ಡ್ರಮ್ಮಿನ ತಳವನ್ನೇ ಮೊದಲು ತಿನ್ನುತ್ತದೆ. ಒಳಗೋಡೆಯ ಕಪ್ಪು ಜಿಡ್ಡನ್ನು ತೊಳೆಯಬೇಡಿ, ಅದೇ ತುಕ್ಕಿಗೆ ತಡೆ. ಪೊರೆಯಾಗಿ ಕಳಚುತ್ತಿರುವುದನ್ನು ಮಾತ್ರ ಕೆರೆದು ತೆಗೆಯಿರಿ. ಜೂನ್ ಬರುವ ಮುಂಚೆ ಒಳಗೆ ಎಣ್ಣೆ ಸವರಿ, ಇಟ್ಟಿಗೆಯ ಮೇಲೆ ಎತ್ತರಿಸಿ, ಸೂರಿನ ಕೆಳಗೆ ಇಡಬೇಕು. ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೆ ಬೆವರಿ ತುಕ್ಕು ಇನ್ನೂ ಬೇಗ ಹಿಡಿಯುವುದರಿಂದ, ಸೂರಿಲ್ಲದವರು ಮೇಲೆ ಒಂದು ತಗಡನ್ನು ಓರೆಯಾಗಿ ಮುಚ್ಚಿ ಕಲ್ಲು ಹೇರಿದರೆ ಸಾಕಾಗುತ್ತದೆ.